ಬಾಲರಾಜುವಿನ ರಿವರ್ಸ್ ಗೇರು

ಪ್ರತಿ ಶನಿವಾರ ಅನಂತರಾಜು ತನ್ನ ಅಣ್ಣ ಬಾಲರಾಜುವನ್ನು ದೊಡ್ಡಮಳೂರಿನ ದೇವಸ್ಥಾನಕ್ಕೆ ಹೊತ್ತುಕೊಂಡು ಹೋಗುತ್ತಿದ್ದ. ಬೀದಿಯವರು ಇದನ್ನು ಭ್ರಾತೃಪ್ರೇಮ ಎನ್ನುತ್ತಿದ್ದರು. ಹೊರುವಾಗ ಅನಂತರಾಜು ಆಡುವ ಮಾತು ಅವರಿಗೆ ಕೇಳಿಸುತ್ತಿರಲಿಲ್ಲ. ಪಕ್ಕದ ಮನೆಯ ಮೇಷ್ಟ್ರಾದ ನನಗೆ ಕೇಳಿಸುತ್ತಿತ್ತು.

"ಮೂಟೆ ರೆಡಿನಾ? ಬಿರ್‍ನೆ ಆಗಣ್ಣ. ಕಾಲಿದ್ದೋರ್ಗೆ ಬೇರೆ ಕೆಲ್ಸ ಇರ್ತದೆ."

ಬಾಲರಾಜು ಚನ್ನಪಟ್ಟಣದ ಬೊಂಬೆ ಕಡೆಯುವವನು. ಹೆದ್ದಾರಿಯಲ್ಲಿ ಲಾರಿಯೊಂದು ಎರಡೂ ಕಾಲು ತೆಗೆದುಕೊಂಡು ಹೋದ ಮೇಲೂ ಕೂತಲ್ಲೇ ಕಡೆದು ಸಂಪಾದಿಸುತ್ತಿದ್ದ. ಆದರೆ ಹೊಸಿಲು ದಾಟಬೇಕೆಂದರೆ, ಕ್ಷೌರಕ್ಕಾದರೂ ಸರಿ, ತಮ್ಮನ ಮರ್ಜಿ ಕಾಯಬೇಕು. ಕಾದು ಸಾಕಾಗಿ, ಹಳೆಯ ಸ್ಕೂಟರ್ ಎಂಜಿನ್ನನ್ನು ಮೂರು ಚಕ್ರದ ಮೇಲೆ ಕೂರಿಸಿ, ಪೂರ್ತಿ ಕೈಯಲ್ಲೇ ಓಡಿಸುವ ಗಾಡಿಯೊಂದನ್ನು ಕಟ್ಟಿದ. ಒಂದೇ ಕೊರತೆ. ಸ್ಕೂಟರಿಗೆ ರಿವರ್ಸ್ ಗೇರಿಲ್ಲ. ಅವನ ಮನೆಯೋ ಸಂದಿಯ ಕೊನೆಯಲ್ಲಿ; ಅಲ್ಲಿ ಗಾಡಿ ತಿರುಗಿಸಲು ಜಾಗವಿಲ್ಲ. ಮೂತಿ ತೂರಿಸಿ ಒಳಗೆ ಬಂದದ್ದು ಹಿಂದಕ್ಕೇ ಹೊರಬೀಳಬೇಕು. ಕಾಲಿದ್ದವನಾದರೆ ಇಳಿದು ಎಳೆದುಕೊಂಡಾನು.

ಅನಂತರಾಜು ಗಾಡಿಗೆ ಒಂದು ಸುತ್ತು ಬಂದು ನೋಡಿದ. "ಯಾರ ಕೈಯೂ ಮುಟ್ಟುಸ್ದೆ ರೋಡಿಗೆ ಬಂದ್ಬುಡು. ಆಮೇಕೆ ನಿನ್ ದಾರಿ ನಿಂದು. ಬರ್ನಿಲ್ವಾ, ಗಾಡಿ ಗುಜರಿಗೆ. ಮತ್ತೆ ನಾನು ಎತ್ತಿದಾಗ ಏಳ್ಬೇಕು, ಇಳ್ಸಿದ್ ಕಡೆ ಕೂರ್ಬೇಕು. ಆಯ್ತಾ?"

"ಆಯ್ತು ಕಣ್ಲಾ," ಎಂದ ಬಾಲರಾಜು.

ಗೇರು ಮಾಡುವವರನ್ನು ಹುಡುಕುವ ಹೊಣೆ ನನಗೆ ಬಿತ್ತು. ವಾಹನದಲ್ಲಿ ನನಗೆ ಚೆನ್ನಾಗಿ ಗೊತ್ತಿರುವ ಭಾಗವೆಂದರೆ ಹಾರನ್ನು. ಆದರೆ ನನಗೆ ಎರಡು ಕಾಲಿದ್ದವು. ಅರ್ಹತೆಗೆ ಅಷ್ಟು ಸಾಕಾಯಿತು. ಕನಕಪುರದ ಟ್ರ್ಯಾಕ್ಟರ್ ಅಂಗಡಿಯವನು, "ಒಂದ್ ಜೊತೆ ಗೇರ್ಗೆಲ್ಲ ಮಿಷನ್ ಹಾಕಕ್ಕಾಗಲ್ಲ ಸಾರ್. ನಿಮ್ಮೂರಲ್ಲಿ ಇನ್ನೊಂದಿಪ್ಪತ್ತು ಜನ ಕುಂಟ್ರಿದ್ರೆ ಸೇರಿಸ್ಕೊಂಡು ಬನ್ನಿ," ಎಂದ. ಮಾಗಡಿಯವನು ಎಲ್ಲವನ್ನೂ ಕೇಳಿಸಿಕೊಂಡು, "ಆಯಪ್ಪ ಹಿಂದಕ್ಕ್ ಯಾಕ್ ಹೋಗ್ಬೇಕು?" ಎಂದ. ನಾನು ಟೀ ಕುಡಿದು ಬಂದೆ.

ಕೊನೆಗೆ ಸಿಕ್ಕವನು ರಾಮನಗರದ ಸಾಬೀರ್. ರೇಷ್ಮೆ ಬಿಚ್ಚುವ ಯಂತ್ರಗಳಿಗೆ ಗೇರು ಕಡೆದು ಬಾಳಿದವನು. ಅವನದು ಒಂದೇ ಷರತ್ತು. "ಮಾದರಿ ತನ್ನಿ ಮೇಷ್ಟ್ರೇ. ಇದ್ದಂಗೇ ಉಕ್ಕಲ್ಲಿ ಇಳಿಸ್ತೀನಿ. ನನ್ ತಲೆ ಓಡ್ಸಲ್ಲ. ತಲೆ ಓಡ್ಸಿದಾಗೆಲ್ಲ ಬೈಸ್ಕೊಂಡಿವ್ನಿ."

ಮಾದರಿಗೇನು ಬರ? ಬಾಲರಾಜು ಬೊಂಬೆ ಮಾಡುವ ಹಾಲೆ ಮರದಲ್ಲಿ ಜೋಡಿ ಗೇರು ಕೆತ್ತಿ, ಒಂದರೊಳಗೊಂದು ಕೂರಿಸಿ ತಿರುಗಿಸಿ ತೋರಿಸಿದ. ಬೆಣ್ಣೆಯಲ್ಲಿ ಬೆರಳಾಡಿಸಿದಂತೆ ಓಡಿತು. ನಾನು ಕೈ ಚಾಚಿದೆ. ಅವನು ಕೊಡಲಿಲ್ಲ.

"ಇರಿ ಮೇಷ್ಟ್ರೇ. ಬಣ್ಣ ಆಗ್ನಿಲ್ಲ."

"ಗೇರಿಗ್ಯಾಕಪ್ಪ ಬಣ್ಣ?"

"ಬರೀ ಮರ ಮನೆ ದಾಟ್ಬಾರ್ದು. ನಮ್ಮಪ್ಪನ ಕಾಲದಿಂದ ಐತೆ. ಬಟ್ಟೆ ಇಲ್ದೆ ಮಗೀನ ಬೀದಿಗೆ ಬುಟ್ಟಂಗೆ."

ಒಂದಕ್ಕೆ ಕೆಂಪು, ಇನ್ನೊಂದಕ್ಕೆ ಹಳದಿ ಅರಗು. ಚಪ್ಪಟೆ ಮೈಗೆ ಲೇತಿನ ಮೇಲೆ ತಿರುಗಿಸುತ್ತಲೇ ಹಚ್ಚಿದ. ಹಲ್ಲುಗಳ ಸಂದಿಗೆ ಅರಗು ಕರಗಿಸಿ ಕಡ್ಡಿಯಲ್ಲಿ ತುಂಬಿದ, ಕೈಬಿಚ್ಚಿ, ಹಬ್ಬದ ಬೊಂಬೆಗೆ ಹಚ್ಚುವಂತೆ. ಆಮೇಲೆ ಜೋಡಿಸಿ ನೋಡಲಿಲ್ಲ. ಹೊಳಪು ಗೀರೀತು ಎಂದು ಬೇರೆಬೇರೆ ಬಟ್ಟೆಯಲ್ಲಿ ಸುತ್ತಿಕೊಟ್ಟ.

ಸಾಬೀರ್ ಬಿಚ್ಚಿ, ಉಗುರಿನಿಂದ ತಟ್ಟಿ ನೋಡಿದ. "ಇದೇ ಅಳತೇನಾ?"

"ಇದೇ," ಎಂದೆ, ಹಾರನ್ ಪಂಡಿತ.

ಉಕ್ಕಿನ ಗೇರು ಬಂತು, ಮರದ ಮಾದರಿಯೂ ಜೊತೆಗೆ ವಾಪಸಾಯಿತು. ಗಾಡಿಗೆ ಕೂರಿಸುವಾಗ ಬಿಗಿಯಾಯಿತು. ಹೊಸದು, ಓಡುತ್ತಾ ಸಡಿಲಾಗುತ್ತದೆ ಎಂದುಕೊಂಡು ಬಾಲರಾಜು ಸುತ್ತಿಗೆಯಲ್ಲಿ ತಟ್ಟಿ ಕೂರಿಸಿದ.

ಶನಿವಾರ ಬೆಳಿಗ್ಗೆ ಸಂದಿಯ ಬಾಯಲ್ಲಿ ಜನ ನಿಂತರು. ಬಾಲರಾಜು ಹೊಸ ಅಂಗಿ ತೊಟ್ಟು, ಹಣೆಗೆ ಕುಂಕುಮವಿಟ್ಟು ಗಾಡಿಯ ಮೇಲೆ ಕೂತಿದ್ದ. ಹಿಡಿ ಎಳೆದ. ಗಾಡಿ ಹಿಂದಕ್ಕೆ ಸರಿಯಿತು. ಅವನ ಮುಖದಲ್ಲಿ ಅಂಥ ನಗುವನ್ನು ನಾನು ಅದೊಂದೇ ಸಲ ನೋಡಿದ್ದು. ಸಂದಿಯ ಬಾಯಲ್ಲಿರುವ ಹಾಲಿನ ಡೈರಿಯ ಬಾಗಿಲವರೆಗೆ ಬಂದಿರಬೇಕು. ಗಾಡಿಯೊಳಗೆ ಎಲುಬು ಮುರಿದಂಥ ಸದ್ದಾಯಿತು. ಚಕ್ರಗಳು ಕಚ್ಚಿಕೊಂಡವು. ರಸ್ತೆಗೆ ಇನ್ನೊಂದು ಮಾರು ಇತ್ತು.

"ಒಸಿ ತಳ್ಳಲಾ?" ಎಂದರು ಯಾರೋ.

"ಮುಟ್ಟಂಗಿಲ್ಲ," ಎಂದ ಅನಂತರಾಜು. "ಮಾತಂದ್ರೆ ಮಾತು."

ಯಾರೂ ಮುಟ್ಟಲಿಲ್ಲ. ನಾನೂ ಮುಟ್ಟಲಿಲ್ಲ, ಅನಂತರಾಜುವಿನ ಬಾಯಿಗೆ ಬೀದಿಯಲ್ಲಿ ಎಲ್ಲರಿಗಿಂತ ಹೆಚ್ಚು ಹೆದರುವವನು ನಾನೇ.

ನಾನು ಸಾಬೀರನಿಗೆ ಫೋನ್ ಮಾಡಿದೆ. "ಹಲ್ಲಿನ ಮೇಲೆ ಅರಗು ದಪ್ಪ ಐತೆ, ಅದೂ ಅಳತೇಲಿ ಸೇರ್ಕಳ್ತದೆ ಅಂತ ಗೊತ್ತಿತ್ತು. ಅದ್ಕೇ ಕೇಳ್ದೆ, ಇದೇ ಅಳತೇನಾ ಅಂತ. ನೀವು ಇದೇ ಅಂದ್ರಿ," ಎಂದು ಇಟ್ಟ. ಅದನ್ನು ಬಾಲರಾಜುವಿಗೆ ಹೇಳಿದೆ. ಅವನು ಚೀಲದಿಂದ ಮರದ ಕೆಂಪು ಗೇರನ್ನು ತೆಗೆದು, ಉಗುರಿನಿಂದ ಒಂದು ಹಲ್ಲಿನ ಅರಗನ್ನು ಕೆರೆಯುತ್ತ ಕೂತ.

ಅನಂತರಾಜು ಗೂಡ್ಸ್ ಆಟೋ ತಂದ. "ದೊಡ್ಡಮಳೂರಿಗೂ ಅದೇ ದಾರಿ. ಗುಜರಿ ಮುಗಿಸ್ಕಂಡು ದೇವ್ರು ನೋಡನ," ಎನ್ನುತ್ತ ಮೊದಲು ಗಾಡಿ ಹೇರಿಸಿದ. ಆಮೇಲೆ ಅಣ್ಣನನ್ನು ಎತ್ತಿ ಅದರ ಪಕ್ಕದಲ್ಲಿಟ್ಟ. ಹಿಡಿದುಕೊಳ್ಳಲು ನಾನು ಹತ್ತಿದೆ.

ಗುಜರಿಯವನು ಆಟೋವನ್ನು ನಮ್ಮ ಸಮೇತ ತೂಕದ ಹಲಗೆಯ ಮೇಲೆ ನಿಲ್ಲಿಸಿ, "ಜನ ಇಳೀಬೇಕಲ್ಲ?" ಎಂದ.

"ಮತ್ಯಾರು ಇಳ್ಸಿ ಹತ್ತುಸ್ತಾರೆ?" ಎಂದ ಅನಂತರಾಜು. "ಅಣ್ಣನ ತೂಕ ಅಂದಾಜಲ್ಲಿ ಕಳೀರಿ. ಕಾಲಿಲ್ಲ, ನೋಡ್ಕಂಡು ಕಳೀರಿ."

"ಇವ್ರು?"

"ಮೇಷ್ಟ್ರುನ್ನೂ ಕಳೀರಿ. ಗುಜರೀಲೂ ಯಾರೂ ತಗಳಲ್ಲ."

ಗುಜರಿಯವನು ನಕ್ಕ. ಬಾಲರಾಜು ತಲೆಯೆತ್ತಲಿಲ್ಲ. ಅವನ ತೊಡೆಯ ಮೇಲೆ ಕೆಂಪು ಪುಡಿ ಬಿದ್ದಿತ್ತು, ಮತ್ತು ಗೇರಿನ ಎಲ್ಲ ಹಲ್ಲುಗಳೂ ಬರೀ ಮರವಾಗಿದ್ದವು.