ಏಡಿ ಲೋಕಲ್ ಹತ್ತಿದ ಬೆಳಗು

"ಏಡಿ ಟ್ರೇನ್ ಹತ್ತುವುದು ಹೇಗೆ ಮಕ್ಕಳೇ? ಬೇಗ, ಬೇಗ, ಗಾಡಿ ಹೋಗ್ತದೆ!"

ಘಾಟ್ಕೋಪರಿನ ಈ ಚಾಳಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನಲ್ಲಿಯ ಮುಂದೆ ಕೊಡಗಳ ಜಗಳ ಶುರುವಾಗಿದೆ. ಗಣಪತಿ ಮಂಡಳದ ಕೋಣೆಯೊಳಗೆ ಮಾತ್ರ ಇಪ್ಪತ್ತು ಪುಟಾಣಿಗಳು ಅಡ್ಡಡ್ಡ ನಡೆಯುತ್ತ ಒಬ್ಬರ ಮೇಲೊಬ್ಬರು ಬೀಳುತ್ತಿದ್ದಾರೆ. ಸೆರಗು ಸಿಕ್ಕಿಸಿ, ಎಲ್ಲರಿಗಿಂತ ದೊಡ್ಡ ಏಡಿಯಾಗಿ ಮುಂದೆ ನಡೆದಿರುವವರೇ ವಾರಿಜಾ ಟೀಚರ್!

ನೆಲದ ಮೇಲೆ ಎರಡು ಚಾಪೆ. ಉಡುಪಿಯಿಂದ ಬಸ್ಸಿನ ನೆತ್ತಿಯೇರಿ ಬಂದ ಓಲೆ ಚಾಪೆ ಒಂದು, ನೀಲಿ ಪ್ಲಾಸ್ಟಿಕ್ ಚಾಪೆ ಇನ್ನೊಂದು. ಓಲೆ ಚಾಪೆಯಲ್ಲಿ ತುಳು, ಕನ್ನಡ, ಮನೆಯಲ್ಲಿ ಯಾವ ಮಾತೋ ಅದು. ನೀಲಿಯಲ್ಲಿ ಇಂಗ್ಲಿಷ್. ಕಥೆ ಓಲೆ ಚಾಪೆಯಲ್ಲಿ ಹುಟ್ಟಿ, ಹೊಟ್ಟೆ ತುಂಬ ನಗಿಸಿ, ಆಮೇಲೆ ನೀಲಿಗೆ ದಾಟುತ್ತದೆ. ಮಾತು ಸಿಗದ ಮಗು ಓಲೆ ಚಾಪೆಗೆ ಓಡಿಬಂದು ಕೇಳಬಹುದು, ಎಷ್ಟು ಸಲವಾದರೂ. ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ರಾಜಕುಮಾರ ಏಳು ಸಮುದ್ರ ದಾಟುತ್ತಿದ್ದ. ಇಲ್ಲಿ ಎರಡು ಚಾಪೆಗಳ ನಡುವಿನ ಸಮುದ್ರ ಬರೀ ಗೇಣಗಲ!

ಮದುವೆಯಾಗಿ ಮುಂಬಯಿಗೆ ಬಂದ ವಾರಿಜಾ ಇಂಗ್ಲಿಷ್ ಕಲಿತದ್ದು ರಾತ್ರಿ ಶಾಲೆಯಲ್ಲಿ. "ಮಾಸ್ಟ್ರು ಬರೀ ಇಂಗ್ಲಿಷಲ್ಲೇ ಮಾತಾಡುವುದು. ನಾನು ತಲೆ ಆಡಿಸಿದ್ದೇ ಆಡಿಸಿದ್ದು. ಇವಳಿಗೆ ಅರ್ಥ ಆಯ್ತು ಅಂತ ಅವರಿಗೆ ಖುಷಿ, ಬೆಲ್ ಹೊಡೀತು ಅಂತ ನನಗೆ!" ಮಿಲ್ ಮುಚ್ಚಿ ಗಂಡನ ಕೆಲಸ ಹೋದ ಮೇಲೆ ಮಧ್ಯಾಹ್ನವೆಲ್ಲ ಬ್ಲೌಸ್ ಹೊಲಿಗೆ. ಬೆಳಿಗ್ಗೆ ಎರಡು ಪಾಳಿಯಲ್ಲಿ ನಲವತ್ತು ಮಕ್ಕಳು. ಗಣಪತಿ ಬಂದರೆ ಕೋಣೆ ಅವನಿಗೆ, ಚಾಪೆಗಳು ಮೆಟ್ಟಿಲ ಕೆಳಗೆ.

ಈಗ ಟೀಚರರ ಚಿಂತೆಯೆಲ್ಲ ಐದು ವರ್ಷದ ಸೇವಂತಿಯದು. ಅಪ್ಪ ದೂಜ ಬೈಕುಲ್ಲಾದ ಹೋಟೆಲಿನಲ್ಲಿ ಸಪ್ಲೈಯರ್. ಇಂಗ್ಲಿಷ್ ಶಾಲೆಯ ಇಂಟರ್‌ವ್ಯೂನಲ್ಲಿ ಮಗಳು ತುಟಿ ಬಿಚ್ಚಲಿಲ್ಲ. ಸೋಮವಾರ ಇನ್ನೊಮ್ಮೆ ಕರೆದಿದ್ದಾರೆ, ಅದೇ ಕೊನೆ. ಗಾಬರಿಬಿದ್ದ ದೂಜ ಮನೆಯಲ್ಲಿ ತುಳುವನ್ನೇ ಬಂದ್ ಮಾಡಿದ್ದಾರೆ. ಆದರೆ ಗಂಡಹೆಂಡಿರಿಬ್ಬರಿಗೂ ಇಂಗ್ಲಿಷ್ ಬಾರದು! ಮೂವರೂ ಕೈಸನ್ನೆಯಲ್ಲೇ ಅನ್ನ ಸಾರು ಕೇಳಿ ಉಣ್ಣುತ್ತಿದ್ದಾರೆ. ಸೇವಂತಿ ಇಲ್ಲಿಗೆ ಬಂದರೂ ಮೂಕಿ.

ಇಂದು ದೂಜ ಬಾಗಿಲಲ್ಲಿ ನಿಂತಿದ್ದಾರೆ, ಮಗಳನ್ನು ಬಿಡಿಸಿಕೊಂಡು ಹೋಗಲು. "ಬೇಜಾರು ಮಾಡ್ಬೇಡಿ ಟೀಚರೇ. ತುಳುವಿಗೆ ಕ್ಲಾಸ್ ಯಾಕೆ? ಅದು ನಮ್ಮ ಹೋಟೆಲಲ್ಲೇ ಬೇಕಾದಷ್ಟು ಉಂಟು. ಫುಲ್ ಇಂಗ್ಲಿಷಲ್ಲೇ ಕಲಿಸುವವರು ಒಬ್ರು ಸಿಕ್ಕಿದ್ದಾರೆ."

"ಆಯ್ತು ದೂಜಣ್ಣ. ಏಡಿ ಟ್ರೇನ್ ಹತ್ತುವವರೆಗೆ ಕೂತ್ಕೊಳ್ಳಿ. ಚಪ್ಪಲಿ ಹೊರಗೆ!"

ದೂಜ ಓಲೆ ಚಾಪೆಯ ಅಂಚಿನಲ್ಲಿ ಕೂರುತ್ತಾರೆ. ಅಲ್ಲೇ ಕೂತಿದ್ದ ಸೇವಂತಿಯ ಕಣ್ಣು ಅರಳುತ್ತದೆ. ಅಪ್ಪ ಕೂತಿರುವುದು ತುಳುವಿನ ಚಾಪೆಯಲ್ಲಿ! ಅವಳು ಮೆಲ್ಲಗೆ ಎದ್ದು, ಅಡ್ಡಡ್ಡ ನಡೆದು ನೀಲಿ ಚಾಪೆ ಮುಟ್ಟುತ್ತಾಳೆ. "ಕ್ರ್ಯಾಬ್... ಗೋ ಇನ್ ದ ಟ್ರೇನ್."

"ಎಂತ ಹೇಳಿದ್ದು ಇವಳು?"

ಟೀಚರ್ ಮಗಳತ್ತ ಬೊಟ್ಟು ಮಾಡುತ್ತಾರೆ. ಸೇವಂತಿಯೇ ದಾಟಿ ಬಂದು ಅಪ್ಪನಿಗೆ ತುಳುವಿನಲ್ಲಿ ಹೇಳತೊಡಗುತ್ತಾಳೆ, ಮೊದಲು ಪಿಸುಮಾತು, ಆಮೇಲೆ ಸುರಿಮಳೆ. ಏಡಿ ಅಡ್ಡ ನಡೆಯುವುದಲ್ವಾ, ಅದಕ್ಕೇ ಜನರ ಕಾಲಿನ ಸಂದಿಯಲ್ಲಿ ನುಸುಳಿ ಎಲ್ಲರಿಗಿಂತ ಮೊದಲು ಹತ್ತಿಬಿಟ್ಟಿತು!

ದಿನವೂ ಲೋಕಲ್‌ನಲ್ಲಿ ನಜ್ಜುಗುಜ್ಜಾಗುವ ದೂಜ ತಮ್ಮ ಕಟ್ಟಳೆ ಮರೆತು ತುಳುವಿನಲ್ಲೇ ಕೇಳುತ್ತಾರೆ, "ಸೀಟು ಸಿಕ್ಕಿತಾ ಅದಕ್ಕೆ?"

ಒಂದೇ ನೆಗೆತಕ್ಕೆ ಸೇವಂತಿ ನೀಲಿ ಚಾಪೆಯಲ್ಲಿ. "ನೋ ಸೀಟ್! ಕ್ರ್ಯಾಬ್ ಸ್ಟ್ಯಾಂಡಿಂಗ್!"

ಕೋಣೆಯೆಲ್ಲ ಕೇಕೆ. ದೂಜ ಕೆಲಸಕ್ಕೆ ಹೋಗುವ ಲೋಕಲ್ ಹೊರಟುಹೋಗಿದೆ, ಅವರು ಎದ್ದಿಲ್ಲ. ಕೊನೆಗೆ ಚಪ್ಪಲಿ ಮೆಟ್ಟುತ್ತ, "ಇವಳು ಇಲ್ಲೇ ಇರಲಿ ಟೀಚರೇ. ಮನೆಯಲ್ಲಿ... ತುಳು ಮಾತಾಡಬಹುದಲ್ಲ?" ಎನ್ನುತ್ತಾರೆ.

"ನಿಮ್ಮ ಮನೆ, ನಿಮ್ಮ ಬಾಯಿ. ನನ್ನನ್ನು ಕೇಳುವುದಾ ಮಾರಾಯ್ರೆ!"

ಸೋಮವಾರ ಏನಾಗುವುದೋ ವಾರಿಜಾ ಹೇಳಲಾರರು. "ಆ ಸ್ಟ್ಯಾಂಡಿಂಗ್ ಉಂಟಲ್ಲ, ಅದು ನಾನು ಕಲಿಸಿದ್ದಲ್ಲ. ಅವಳದ್ದೇ," ಎಂದು ಹಿಗ್ಗುತ್ತ ಸವೆದ ಓಲೆ ಚಾಪೆ ಸುತ್ತುತ್ತಾರೆ. "ಊರಿಂದ ಯಾರಾದರೂ ಬರುವವರಿದ್ದರೆ ಇಂಥದ್ದೇ ಇನ್ನೊಂದು ತರ್ಲಿಕ್ಕೆ ಹೇಳಿ. ಸ್ವಲ್ಪ ದೊಡ್ಡದು. ಅಪ್ಪ ಅಮ್ಮಂದಿರೂ ಕೂರುವಷ್ಟು."