ಕಡಲ ನೀರುನಾಯಿ, ಔರಾದದ ತೋಳ

ನಾನು ಔರಾದದ ಶಾಲೆಯೊಂದರಲ್ಲಿ ವಿಜ್ಞಾನದ ಮಾಸ್ತರ. ದಿನಾ ಬೀದರಿನಿಂದ ಬಸ್ಸಿನಲ್ಲಿ ಹೋಗಿಬರುತ್ತೇನೆ. ಕಳೆದ ಚಳಿಗಾಲ ಎಂಟನೇ ತರಗತಿಗೆ ಆಹಾರ ಸರಪಳಿ ಕಲಿಸುವಾಗ ಪಠ್ಯ ಬದಿಗಿಟ್ಟು, ಮೊಬೈಲಿನಲ್ಲಿ ಕೆಲ್ಪ್ ಕಾಡು ತೋರಿಸಿದೆ. ತಣ್ಣನೆಯ ಕಡಲಿನಡಿ ಮರದೆತ್ತರ ಬೆಳೆಯುವ ಕಂದು ಪಾಚಿ ಅದು. ಅದರ ಬುಡವನ್ನು ಮುಳ್ಳುಚೆಂಡಿನಂಥ ಜೀವಿಗಳು ಮೇಯುತ್ತವೆ. ಅವನ್ನು ನೀರುನಾಯಿ ತಿನ್ನುತ್ತದೆ. ತುಪ್ಪಳಕ್ಕಾಗಿ ಜನ ನೀರುನಾಯಿಗಳನ್ನು ಕೊಂದರು, ಮುಳ್ಳುಚೆಂಡುಗಳು ಹೆಚ್ಚಿದವು, ಕಾಡು ಬೋಳಾಯಿತು. ನೀರುನಾಯಿ ಮರಳಿದ ಕಡೆ ಕಾಡೂ ಮರಳಿತು, ಮೀನೂ ಬಂತು.

ಕುರಿ ಸಾಕುವವರ ಮನೆಯ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ನಮ್ ಕಡಿ ತ್ವಾಳಾನೂ ಹಂಗೇನ್ರಿ?"

ಇಂಥ ಪ್ರಶ್ನೆ ಅಪರೂಪ. ಹಿಗ್ಗಿಹೋದೆ. "ಹೌದವಾ, ಹಂಗ. ತ್ವಾಳ ಇದ್ರ ಮೇಯೂ ಚಿಗರಿ, ಮೊಲ ಮಿತಿಯೊಳಗ ಇರ್ತಾವ, ಹುಲ್ಲು ಉಳೀತದ," ಎಂದೆ.

ಆ ಸಂಜೆ ಅವಳ ಅಪ್ಪ, ಸತ್ತ ಕುರಿಯೊಂದರ ಮಾಂಸಕ್ಕೆ ವಿಷ ಬೆರೆಸಿ ತೋಳಕ್ಕೆ ಇಡುವುದರಲ್ಲಿದ್ದ. ಅವಳು ಅತ್ತು ತಡೆದಳು. ಅವನು ಮಾಂಸವನ್ನು ಹೂತುಬಿಟ್ಟ. ಮರುವಾರ ತೋಳ ಕುರಿಹಟ್ಟಿಗೆ ನುಗ್ಗಿ, ಅವಳೇ ಬಾಟಲಿ ಹಾಲು ಕುಡಿಸಿ ಬೆಳೆಸಿದ್ದ ಮರಿಯನ್ನು ಒಯ್ದಿತು. ಅವಳು ಶಾಲೆಗೆ ಬರುವುದನ್ನೇ ನಿಲ್ಲಿಸಿದಳು.

ಗೆಳತಿಯರಿಂದ ಇದೆಲ್ಲ ತಿಳಿದು ಭಾನುವಾರ ಅವರ ಹೊಲಕ್ಕೆ ಹೋದೆ. ಅಪ್ಪ ಬೈಯಲಿಲ್ಲ, ಕೂರಿಸಿ ಚಹಾ ಕೊಟ್ಟ. ಬೈದಿದ್ದರೇ ಹಗುರಾಗುತ್ತಿತ್ತು.

"ಮಗಳ ಮಾತ ಕೇಳಿನ್ರಿ ಸರ್. ಈಗ ಆಕಿ ಸರಿಯಾಗಿ ಉಣ್ಣಂಗಿಲ್ರಿ. ತನ್ನಿಂದ ಮರಿ ಹೋತು ಅಂತಾಳ."

"ತಪ್ಪು ಆಕಿದಲ್ರಿ, ನಂದು," ಎಂದೆ.

ಅಪ್ಪನ ಪಕ್ಕ ಕುಳಿತಿದ್ದ ಹುಡುಗಿ ತಲೆಯೆತ್ತಿದಳು. "ಸರ್, ನೀರುನಾಯಿ ತಿರುಗಿ ಬಂದಾಗ ಅಲ್ಲಿ ಯಾರಿಗೂ ನುಕ್ಸಾನ ಆಗ್ಲಿಲ್ಲೇನ್ರಿ?"

ಆಗಿತ್ತು. ಚಿಪ್ಪುಜೀವಿ ಹಿಡಿದು ಬದುಕುವವರ ಪಾಲನ್ನು ನೀರುನಾಯಿಗಳು ತಿಂದಿದ್ದವು, ಅವರು ಸಿಟ್ಟಾಗಿದ್ದರು. ನಾನದನ್ನು ಓದಿದ್ದೆ. ಪಾಠದ ಅಂದ ಕೆಡುತ್ತದೆಂದು ಬಿಟ್ಟಿದ್ದೆ. ಈಗ ಹೇಳಿದೆ.

"ಮತ್ತ ಅವತ್ತ ಯಾಕ ಹೇಳ್ಲಿಲ್ರಿ?"

ನಾನು ಚಹಾದ ಲೋಟ ಕೆಳಗಿಟ್ಟು, ಹಟ್ಟಿಯ ಬೇಲಿ ನೋಡಲು ಎದ್ದೆ.

ಆ ಮಧ್ಯಾಹ್ನ ಮೂವರೂ ಸೇರಿ ಜಾಲಿಮುಳ್ಳು ಕಡಿದು ಹಟ್ಟಿಯ ಬೇಲಿ ಎತ್ತರಿಸಿದೆವು. ಅಪ್ಪ ಭಾಲ್ಕಿಯ ನೆಂಟರಿಂದ ದೊಡ್ಡ ನಾಯಿಯೊಂದನ್ನು ತಂದ. ಆಮೇಲೆ ತೋಳ ಒಳಗೆ ಬಂದಿಲ್ಲ. ಅವನೂ ವಿಷ ಇಟ್ಟಿಲ್ಲ. ಹುಡುಗಿ ಶಾಲೆಗೆ ಮರಳಿದಳು. ಆ ಪಾಠವನ್ನು, ಚಿಪ್ಪು ಹಿಡಿಯುವವರನ್ನೂ ಸೇರಿಸಿ, ಮತ್ತೊಮ್ಮೆ ಮಾಡಿದೆ. ಅವಳು ಎಲ್ಲವನ್ನೂ ನೋಟುಬುಕ್ಕಿನಲ್ಲಿ ಬರೆದುಕೊಂಡಳು.

ಈಗ ಅವಳು ಪ್ರಶ್ನೆ ಕೇಳುವುದಿಲ್ಲ. "ಯಾರಿಗರೆ ಏನರೆ ಕೇಳೂದದ ಏನು?" ಎಂದು ಪಾಠದ ಕೊನೆಗೆ ನಾನು ಕೇಳುವಾಗ ಅವಳ ಬೆಂಚಿನತ್ತ ನೋಡಲು ನನಗೆ ಧೈರ್ಯವಾಗುವುದಿಲ್ಲ.