ದೊಡ್ಡ ಸಾಹುಕಾರರ ಪಾಸ್‌ವರ್ಡ್

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಇಳಕಲ್ಲಿನ ಒಂದು ಗ್ರಾನೈಟ್ ಫ್ಯಾಕ್ಟರಿಯ ಆಫೀಸಿನಲ್ಲಿ ನಾನು ಕಂಪ್ಯೂಟರ್ ಕೆಲಸಕ್ಕಿದ್ದೆ. ಮನೆಯಲ್ಲಿ ಎಲ್ಲರೂ ಮಗ್ಗಕ್ಕೆ ಕೂತವರು, ಖುರ್ಚಿಗೆ ಕೂತವಳು ನಾನೊಬ್ಬಳೇ. ಮಾಲೀಕರು ಅಣ್ಣತಮ್ಮಂದಿರು. ದೊಡ್ಡ ಸಾಹುಕಾರರು ಕ್ವಾರಿ ನೋಡಿದರೆ, ಸಣ್ಣವರು ಗಿರಾಕಿಗಳನ್ನು ನೋಡುತ್ತಿದ್ದರು. ಒಬ್ಬರ ಮೇಲೊಬ್ಬರಿಗೆ ಆಗಲೇ ಸಂಶಯವಿತ್ತು.

ಆಫೀಸಿಗೆಲ್ಲ ಇಂಟರ್ನೆಟ್ ಹಂಚಲು ಪ್ರಾಕ್ಸಿ ಎಂಬ ಕಂಪ್ಯೂಟರ್ ಇತ್ತು. ಹೆಸರು, ಪಾಸ್‌ವರ್ಡ್ ಕೊಡದೆ ಅದು ಯಾರನ್ನೂ ಬಿಡುತ್ತಿರಲಿಲ್ಲ. ಒಂದು ಹೆಸರಿನಲ್ಲಿ ಒಂದು ಸಲಕ್ಕೆ ಒಬ್ಬರೇ. ಬಾಗಲಕೋಟೆಯ ಇಂಜಿನಿಯರ್ ಒಬ್ಬ, ಗಿರಾಕಿಗಳ ಆರ್ಡರುಗಳನ್ನು ಇಂಟರ್ನೆಟ್ಟಿನಿಂದ ತಾನಾಗಿಯೇ ತಂದಿಡುವ ಪ್ರೋಗ್ರಾಮೊಂದನ್ನು ಸಣ್ಣವರ ಕಂಪ್ಯೂಟರಿಗೆ ಹಾಕಿ ಹೋಗಿದ್ದ.

ಅದಾದ ಮೇಲೆ ವಾರಗಟ್ಟಲೆ ಕ್ವಾರಿಯಲ್ಲೇ ಇದ್ದ ದೊಡ್ಡವರು ಒಂದು ಮಧ್ಯಾಹ್ನ ಬಂದು ತಮ್ಮ ಕಂಪ್ಯೂಟರಿನಲ್ಲಿ ಹೆಸರು ಹೊಡೆದರು. ಈ ಹೆಸರು ಸಣ್ಣವರ ಕಂಪ್ಯೂಟರಿನಲ್ಲಿ ಆಗಲೇ ಬಳಕೆಯಲ್ಲಿದೆ ಎಂದು ಪ್ರಾಕ್ಸಿ ತಿರುಗಿ ಹೇಳಿತು. ಎದುರಿನ ಮೇಜಿಗೆ ಕೂತಿದ್ದ ತಮ್ಮನ ಮೇಲೆ ಅವರು ಹರಿಹಾಯ್ದರು.

“ನನ್ನ ಹೆಸರಿಲೆ ಹೊಕ್ಕು ನನ್ನ ಟಪಾಲ ಓದ್ತಿ ಏನಲೇ?”

“ದೇವರಾಣಿ, ನಿನ್ನ ಪಾಸ್‌ವರ್ಡ್ ನನಗ ಗೊತ್ತಿಲ್ಲೋ ಅಣ್ಣಾ!”

ದೊಡ್ಡವರು ಮೇಜಿನ ಮೇಲಿದ್ದ ಮಾದರಿ ಕಲ್ಲು ಎತ್ತಿ ತಮ್ಮನ ಬಾಯಿಗೇ ಹೊಡೆದರು. ರಕ್ತ ಚಿಮ್ಮಿ ಕೀಬೋರ್ಡಿನ ಮೇಲೆ ಬಿತ್ತು. ಸಣ್ಣವರು ಅಣ್ಣನ ಕುತ್ತಿಗೆ ಹಿಡಿದು ಗಾಜಿನ ಕಪಾಟಿಗೆ ದಬ್ಬಿದರು. ಗಾಜು ಪುಡಿಯಾಯಿತು. ಬಿಡಿಸಲು ಹೋದ ನನ್ನ ದವಡೆಗೆ ಯಾರದೋ ಮೊಣಕೈ ಬಡಿಯಿತು. ಕಣ್ಣಿಗೆ ಕತ್ತಲೆ ಬಂತು. ಎದ್ದು ನೋಡಿದರೆ ಸಣ್ಣವರು ನೆಲಕ್ಕೆ ಬಿದ್ದಿದ್ದರು, ದೊಡ್ಡವರು ಬೂಟುಗಾಲಿನಿಂದ ಪಕ್ಕೆಗೆ ಒದೆಯುತ್ತಿದ್ದರು. ಖಾಲಿ ಖುರ್ಚಿಯ ಮುಂದೆ ಸಣ್ಣವರ ಪರದೆಯ ಮೇಲೆ ಆರ್ಡರುಗಳು ತಾವಾಗಿಯೇ ಬಂದು ಕೂಡುತ್ತಿದ್ದವು.

“ಸಾಹುಕಾರ್ರ, ನಿಲ್ರಿ! ಅವರು ನೆಲಾ ಹಿಡದಾರ, ಆದ್ರೂ ನಿಮ್ಮ ಹೆಸರು ಇನ್ನೂ ನಡದೈತಿ ನೋಡ್ರಿ! ಅದು ಆರ್ಡರ್ ತರೋ ಪ್ರೋಗ್ರಾಂ ಐತ್ರಿ, ಅವರಲ್ರಿ!” ಎಂದು ಚೀರಿದೆ.

ಎತ್ತಿದ ಕಾಲು ಹಾಗೇ ನಿಂತಿತು. ಇಂಜಿನಿಯರನಿಗೆ ಫೋನ್ ಹಚ್ಚಿ, ರಿಸೀವರನ್ನು ದೊಡ್ಡವರ ಕೈಗೇ ಕೊಟ್ಟೆ.

“ಪ್ರಾಕ್ಸಿ ದಾಟಾಕ ಪ್ರೋಗ್ರಾಂಗೂ ಒಂದು ಹೆಸರು ಬೇಕ್ರಿ,” ಎಂದ ಆತ. ಅವನ ದನಿ ನನಗೂ ಕೇಳುತ್ತಿತ್ತು. “ಸದ್ಯಕ್ಕ ನನ್ನ ಹೆಸರ ಹಾಕು ಅಂತ ಅವತ್ತು ನೀವ ಪಾಸ್‌ವರ್ಡ್ ಹೊಡದಿದ್ರೆಲ್ರಿ?”

ದೊಡ್ಡವರು ರಿಸೀವರ್ ಕೆಳಗಿಟ್ಟರು. ತಮ್ಮನನ್ನು ಎತ್ತಿಕೊಂಡು ಜೀಪಿಗೆ ಹಾಕಿ ದವಾಖಾನೆಗೆ ಓಡಿದರು.

ಆ ವಾರವೇ ಪ್ರೋಗ್ರಾಮಿಗೆ ಅದರದೇ ಹೆಸರು, ಪಾಸ್‌ವರ್ಡ್ ಮಾಡಿಸಿದೆವು. ಸಣ್ಣವರ ಮುಂದಿನ ಹಲ್ಲು ಹೋದವು, ಎರಡು ಪಕ್ಕೆಲುಬು ಮುರಿದಿದ್ದವು. ಅಣ್ಣ ದಿನಾ ದವಾಖಾನೆಗೆ ಗಂಜಿ ತಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ತಮ್ಮ ಗೋಡೆಯ ಕಡೆ ಮುಖ ತಿರುಗಿಸಿ ಮಲಗುತ್ತಿದ್ದರು. ನನ್ನ ಬಾತ ದವಡೆಗೆ ಅರಿಶಿನ ಹಚ್ಚುತ್ತ ಅವ್ವ, “ಆ ನೌಕರಿ ಸಾಕು ಮಗಳ,” ಎಂದಳು. ನಾನು ಬಿಡಲಿಲ್ಲ. ಸಣ್ಣವರು ಮಾತ್ರ ಆ ಆಫೀಸಿನ ಮೆಟ್ಟಿಲು ಮತ್ತೆ ಹತ್ತಲಿಲ್ಲ. ತಮ್ಮ ಪಾಲು ತೆಗೆದುಕೊಂಡು ಹುನಗುಂದಕ್ಕೆ ಹೋದರು.